ನಮಸ್ಕಾರದಲ್ಲೇ ಉಗ್ಗಿದೆ, ಕೆಲಸ ಸಿಕ್ಕಿತು

ನನ್ನ ಹೆಸರು ‘ಪ’ ಅಕ್ಷರದಿಂದ ಶುರುವಾಗುತ್ತದೆ. ಉಗ್ಗುವವರಿಗೆ ಇಷ್ಟು ಹೇಳಿದರೆ ಸಾಕು. ಪೀಣ್ಯದ ಕಾರ್ಖಾನೆಯೊಂದರ ಗೇಟಿನಲ್ಲಿ ‘ಪ’ಕ್ಕೆ ತುಟಿ ಬಿಚ್ಚದೆ, ಕಾವಲುಗಾರನಿಗೆ ‘ಸುರೇಶ’ ಎಂದುಬಿಟ್ಟಿದ್ದೆ. ಪಟ್ಟಿಯಲ್ಲಿ ಸುರೇಶನೇ ಇರಲಿಲ್ಲ. ಸಂದರ್ಶನ ಗೇಟಿನಲ್ಲೇ ಮುಗಿಯಿತು.

ಹೀಗೆ ಮೂರು ವರ್ಷ, ಹನ್ನೊಂದೋ ಹನ್ನೆರಡೋ ಸಂದರ್ಶನ. ಎಲ್ಲದರಲ್ಲೂ ಉಗ್ಗನ್ನು ಬಚ್ಚಿಟ್ಟೆ, ಕಷ್ಟದ ಪದ ಬಂದರೆ ಬೇರೆ ಪದ ಹಾಕಿದೆ. ಆದರೆ ಮೈಕ್ರೊಮೀಟರಿಗೆ ಬದಲಿ ಪದ ಎಲ್ಲಿಂದ ತರುವುದು? ‘ಅದೇ ಸಾರ್, ಅಳೆಯುವ ಸಾಧನ’ ಎಂದೆ. ಉಗ್ಗ ಎನ್ನಿಸಿಕೊಳ್ಳಬಾರದೆಂದು ದಡ್ಡ ಎನ್ನಿಸಿಕೊಂಡು ಬಂದೆ.

ಗುಣಪಡಿಸುವ ಖಾತ್ರಿ ಕೊಟ್ಟ ಕೇಂದ್ರವೊಂದಕ್ಕೆ ಸುಮಾರು 18 ಸಾವಿರ ರೂಪಾಯಿ ಸುರಿದೆ. ಅಲ್ಲಿ ಹತ್ತು ದಿನ ಮಾತು ನೀರಿನಂತೆ ಹರಿಯಿತು. ಮೆಜೆಸ್ಟಿಕ್ಕಿನಲ್ಲಿ ಟಿಕೆಟ್ ಕೇಳುವಾಗ ಮತ್ತೆ ಅದೇ ಪಾಡು. ಚಿಕ್ಕಂದಿನಲ್ಲಿ ಅಜ್ಜಿ ಜೇನಿನಲ್ಲಿ ತೇಯ್ದು ನೆಕ್ಕಿಸಿದ ಬಜೆ ಪುಕ್ಕಟೆಯಾದರೂ ಆಗಿತ್ತು. ಹಾಡುವಾಗ ಉಗ್ಗುವುದಿಲ್ಲವಲ್ಲ, ಹಾಗೆಂದು ತೊಡೆಯ ಮೇಲೆ ತಾಳ ಹಾಕುತ್ತ ಉತ್ತರಿಸುವುದನ್ನೂ ನೋಡಿದೆ. ಎರಡು ದಿನ ಫಲಿಸಿತು. ಮೂರನೆಯ ದಿನ ತಾಳ ಮಾತ್ರ ಉಳಿಯಿತು.

ಉಗ್ಗಿನ ಭಯ ಕಳೆಯಲು ಬೇಕೆಂದೇ ಉಗ್ಗುವುದನ್ನು ಕಲಿತದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ನಲವತ್ತು, ಐವತ್ತು ಅಂಗಡಿಗಳಿಗೆ ಹೋಗಿ, ಬೇಕೆಂದೇ ಉಗ್ಗುತ್ತ 6205 ನಂಬರಿನ ಬೇರಿಂಗಿನ ಬೆಲೆ ಕೇಳಿದೆ. ಒಂದನ್ನೂ ಕೊಳ್ಳಲಿಲ್ಲ. ಬೈಸಿಕೊಂಡದ್ದು ಅದಕ್ಕೇ ಹೊರತು ಉಗ್ಗಿದ್ದಕ್ಕಲ್ಲ.

ಆಮೇಲೆ ಸಂದರ್ಶನ. ನನಗೆ ಎಂದೂ ತಡೆಯದ ‘ನಮಸ್ಕಾರ’ವನ್ನೇ ‘ನ-ನ-ನಮಸ್ಕಾರ’ ಎಂದೆ. ಹಿಂದೆಯೇ, ‘ನನಗೆ ಉಗ್ಗು ಇದೆ ಸಾರ್. ನಡುವೆ ನಿಂತರೆ ಉತ್ತರ ಗೊತ್ತಿಲ್ಲವೆಂದಲ್ಲ, ಪದ ಬರುತ್ತಿದೆ ಎಂದು ತಿಳಿಯಿರಿ’ ಎಂದೆ. ‘ನೀನೇ ಹೇಳಿಕೊಂಡರೆ ಯಾರು ಕೊಡುತ್ತಾರೋ ಕೆಲಸ?’ ಎಂದು ನಕ್ಕಿದ್ದರು ಭಾವ. ನಾಲ್ಕು ಸಂದರ್ಶನ, ಎರಡು ಕೆಲಸದ ಪತ್ರ! ಹೆಚ್ಚು ಸಂಬಳದ್ದನ್ನು ಆರಿಸಿಕೊಂಡೆ. ಭಾವ ಈಗ ಆ ಮಾತೆತ್ತುವುದಿಲ್ಲ. ‘ಪ’ಕ್ಕೆ ತುಟಿ ಹೇಗೆ ಇಡುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ, ನಿಮ್ಮ ಶತ್ರು ಬೇರೆ ಅಕ್ಷರವಿದ್ದೀತು.

ವಿಡಿಯೊ ಸಂದರ್ಶನದಲ್ಲಿ ಒಂದು ಎಚ್ಚರ: ಮಾತು ತಡೆದಾಗ ಮುಖ ಕಲ್ಲಾಗುತ್ತದೆ, ಅವರು ನೆಟ್‌ವರ್ಕ್ ಹೋಯಿತೆಂದು ಕರೆ ಕತ್ತರಿಸುತ್ತಾರೆ. ನಾನು ಕೈ ಆಡಿಸುತ್ತಿರುತ್ತೇನೆ. ಫೋನ್ ಸಂದರ್ಶನ ಇನ್ನೂ ಬಗ್ಗಿಲ್ಲ. ಉಗ್ಗು ಇದೆಯೆಂದು ಮುಂಚೆಯೇ ಸಂದೇಶ ಕಳಿಸಿ ನೋಡಿದೆ. ಮೂವರಲ್ಲಿ ಒಬ್ಬರು ಕಾದರು, ಇಬ್ಬರು ನನ್ನ ‘ಹಲೋ’ ಬರುವಷ್ಟರಲ್ಲಿ ಇಟ್ಟುಬಿಟ್ಟರು.