ಹೆಂಚು ಇಳಿಸಿ ಶೀಟು ಹಾಕಿದ್ದು: ಅಡ್ಡಪೈಪಿನ ಅಂತರದ ಲೆಕ್ಕ

ಕೊಟ್ಟಿಗೆಯ ಮಂಗಳೂರು ಹೆಂಚನ್ನು ಹಾಗೇ ಉಳಿಸಿಕೊಳ್ಳುವ ಆಸೆ ನನಗಿತ್ತು. ಮಂಗಗಳು ಬಿಡಲಿಲ್ಲ. ನಮ್ಮ ಹೊಸನಗರದ ಕಡೆ ಮಾಡು ಹತ್ತಿ ಹೆಂಚು ಬದಲಿಸುವವರು ಈಗ ಸಿಗುವುದೇ ಕಷ್ಟ. ಸಿಕ್ಕರೂ ಅವರು ಬರುವ ಹೊತ್ತಿಗೆ ಆರಿದ್ರಾ ಮಳೆ ಹಿಡಿದಿರುತ್ತದೆ. ಕೊನೆಗೆ ಕಬ್ಬಿಣದ ಪೈಪಿನ ಟ್ರಸ್ (ಮಾಡು ಹೊರುವ ತ್ರಿಕೋನ ಚೌಕಟ್ಟು) ನಿಲ್ಲಿಸಿ ಅರ್ಧ ಮಿಲಿಮೀಟರಿನ, ಉಬ್ಬು-ತಗ್ಗಿನ ಪ್ರೊಫೈಲ್ ಶೀಟು ಹಾಕಿಸಿದೆ. ಉದ್ದ 24 ಅಡಿ, ಅಗಲ 20 ಅಡಿ, ಎರಡು ಕಡೆ ಇಳಿಜಾರು.

ಹೆಂಚಿನ ಮಾಡಿನ ಲೆಕ್ಕವೇ ಬೇರೆ, ಶೀಟಿನದೇ ಬೇರೆ. ರೀಪು ಸಮೇತ ಹೆಂಚು ಚದರ ಮೀಟರಿಗೆ ಸುಮಾರು 65 ಕಿಲೋ ತೂಗುತ್ತದೆ, ಶೀಟು ಐದು ಕಿಲೋ ಆಸುಪಾಸು. ಕಟ್ಟಡದ ಮೇಲೆ ಬೀಳುವ ಹೊರೆಗಳ ಭಾರತೀಯ ಮಾನಕ ಐಎಸ್ 875ರಲ್ಲಿ, ಗಾಳಿಗೆಂದೇ ಇರುವ ಮೂರನೇ ಭಾಗದಲ್ಲಿ, ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ಗಾಳಿಯ ಮೂಲ ವೇಗ ಕೊಟ್ಟಿದ್ದಾರೆ. ಆ 39ನ್ನು ಹಿಡಿದರೆ ಒತ್ತಡ ಚದರ ಮೀಟರಿಗೆ 90 ಕಿಲೋ ದಾಟುತ್ತದೆ. ಹೆಂಚು ತನ್ನ ಭಾರದಿಂದಲೇ ಅಷ್ಟಿಷ್ಟು ಕೂತಿರುತ್ತದೆ. ಶೀಟನ್ನು ಹೊರುವುದು ದೊಡ್ಡ ಮಾತಲ್ಲ, ಹಾರದಂತೆ ಹಿಡಿದುಕೊಳ್ಳಬೇಕು. ಅದಕ್ಕೇ ಹಳೆಯ ಮಣ್ಣಿನ ಗೋಡೆಯ ಮೇಲೆ ಟ್ರಸ್ ಕೂರಿಸಲಿಲ್ಲ. ಕಂಬಗಳನ್ನು ಕಾಂಕ್ರೀಟ್ ಗುಂಡಿಗೆ ಇಳಿಸಿ ಅವಕ್ಕೇ ಬೆಸುಗೆ ಹಾಕಿಸಿದೆ.

ಎಂಟೆಂಟು ಅಡಿಗೆ ಒಂದರಂತೆ ನಾಲ್ಕು ಟ್ರಸ್. ಮಧ್ಯದ ಎತ್ತರ ಮೂರೂವರೆ ಅಡಿ. ಗೋಡೆಯಿಂದ ಹೊರಗೆ ಒಂದೂವರೆ ಅಡಿ ಸೂರು ಬಿಟ್ಟು 12 ಅಡಿಯ ಒಂದೇ ಶೀಟು ಸೂರಿನಿಂದ ನೆತ್ತಿಯವರೆಗೆ ಬರುವಂತೆ ಅಳತೆ ಮಾಡಿದ್ದೆ. ಇಳಿಜಾರಿನ ನಡುವೆ ಜೋಡಣೆಯೇ ಇಲ್ಲದ ಮೇಲೆ ಅಲ್ಲಿ ಸೋರುವ ಮಾತೂ ಇಲ್ಲ.

ಟ್ರಸ್ಸುಗಳ ಮೇಲೆ ಅಡ್ಡ ಹಾಯ್ದು ಶೀಟನ್ನು ಹಿಡಿಯುವ ಅಡ್ಡಪೈಪಿನ ವಿಷಯದಲ್ಲಿ ಮಾತ್ರ ವೆಲ್ಡರ್ ಜೊತೆ ಜೋರು ಚರ್ಚೆ ನಡೆಯಿತು. "ಗೌಡ್ರೇ, ಒಂದು ಬದಿಗೆ ಮೂರು ಸಾಲು ಸಾಕು, ಎಲ್ಲಾರೂ ಹಂಗೇ ಹಾಕ್ಸೋದು" ಎಂದ. ಮೂರು ಸಾಲೆಂದರೆ ನಡುವೆ ಐದೂವರೆ ಅಡಿ ಅಂತರ. ನಾಲ್ಕು ಸಾಲಾದರೆ ನಾಲ್ಕು ಅಡಿಯೊಳಗೇ ಮುಗಿಯುತ್ತದೆ. ನೋಡುವುದಕ್ಕೆ ವ್ಯತ್ಯಾಸ ಸಣ್ಣದು. ಆದರೆ ಅದೇ ಭಾರಕ್ಕೆ ಅಂತರ ಒಂದೂವರೆ ಪಟ್ಟಾದರೆ ಶೀಟು ಬಾಗುವುದು ಮೂರು ಪಟ್ಟಿಗೂ ಹೆಚ್ಚು. ಮಳೆನೀರಿನ ಭಾರಕ್ಕೇನೂ ಹೆದರಬೇಕಿಲ್ಲ, ಅದು ಹರಿದು ಹೋಗುತ್ತದೆ. ನಮ್ಮಲ್ಲಿ ಶೀಟಿನ ಮೇಲೆ ನೆಗೆಯುವುದು ಮಂಗ, ಬೀಳುವುದು ತೆಂಗಿನ ಗರಿ, ದರಗು ಗುಡಿಸಲು ಹತ್ತುವುದು ಮನುಷ್ಯ. ಶೀಟು ಪ್ರತಿ ಸಲ ಬಾಗಿ ಎದ್ದಾಗಲೂ ಸ್ಕ್ರೂ ಅಲುಗುತ್ತದೆ, ರಬ್ಬರ್ ವಾಷರ್ ಸಡಿಲಾಗುತ್ತದೆ, ಆಮೇಲೆ ಸೋರಿಕೆ. ಉಳಿಸಲು ಹೊರಟಿದ್ದು ಎರಡು ಬದಿ ಸೇರಿ ಎರಡೇ ಸಾಲು ಪೈಪು. ನಾಲ್ಕೇ ಹಾಕು ಎಂದೆ.

ಆ ನಾಲ್ಕನ್ನೂ ಸಮನಾಗಿ ಹಂಚಲಿಲ್ಲ. ಸೂರಿನ ತುದಿಯಿಂದ ಅರ್ಧ ಅಡಿಗೆ ಮೊದಲನೆಯದು, ಅಲ್ಲಿಂದ ಮೂರೂವರೆ ಅಡಿಗೆ ಎರಡನೆಯದು, ನಾಲ್ಕು ಅಡಿಗೆ ಮೂರನೆಯದು, ಮತ್ತೆ ಮೂರೂವರೆಗೆ ನಾಲ್ಕನೆಯದು. ಉಳಿದ ಅರ್ಧ ಅಡಿ ನೆತ್ತಿಗೆ. ಗಾಳಿ ಹೆಚ್ಚು ಎಳೆಯುವುದು ಅಂಚು, ಮೂಲೆಗಳಲ್ಲಿ. ಹಿಡಿತ ಬಿಗಿ ಇರಬೇಕಾದ್ದೂ ಅಲ್ಲೇ. ಕೊನೆಯ ಪೈಪಿನಾಚೆ ಶೀಟನ್ನು ಅಡಿಗಟ್ಟಲೆ ಚಾಚಿ ಬಿಟ್ಟರೆ ಆಷಾಢದ ಗಾಳಿಗೆ ರಾತ್ರಿಯಿಡೀ ತಮಟೆ ಕೇಳಬೇಕಾಗುತ್ತದೆ.

ಇನ್ನೊಂದು ಸಂಗತಿ. ಅಡ್ಡಪೈಪು 60 ಗುಣಿಸು 40 ಮಿಲಿಮೀಟರಿನದು, 2 ಮಿಲಿಮೀಟರ್ ದಪ್ಪ. ಇದನ್ನು 60ರ ಬದಿ ನಿಲ್ಲುವಂತೆ ಇಡಬೇಕು. ಬೆಸುಗೆಗೆ ಸುಲಭವೆಂದು ಮಲಗಿಸಿಟ್ಟರೆ ಪೈಪು ಬಾಗದೆ ನಿಲ್ಲುವ ಗಡಸು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ದುಡ್ಡು ಅದೇ, ಪೈಪು ಅದೇ. ಎಷ್ಟೋ ಶೆಡ್ಡುಗಳಲ್ಲಿ ಮಲಗಿದ ಪೈಪನ್ನೇ ಕಂಡಿದ್ದೇನೆ.

ಶೀಟು ಏರಿಸುವ ಮೊದಲು ಸೂರಿನಿಂದ ನೆತ್ತಿಗೆ ದಾರ ಎಳೆದು ನಾಲ್ಕೂ ಪೈಪಿನ ಮೇಲ್ಮೈ ಒಂದೇ ಮಟ್ಟದಲ್ಲಿದೆಯೇ ನೋಡಿದೆವು. ಒಂದು ಪೈಪು ತಗ್ಗಿದ್ದರೆ ಸ್ಕ್ರೂ ಬಿಗಿದಲ್ಲಿ ಶೀಟು ಕುಳಿ ಬಿದ್ದು ನೀರು ನಿಲ್ಲುತ್ತದೆ. ಮೂಲೆಯಿಂದ ಮೂಲೆಗೂ ಟೇಪು ಹಿಡಿದೆವು. ಚೌಕ ತಪ್ಪಿದ್ದರೆ ಸೂರಿನ ಅಂಚು ಗರಗಸದ ಹಲ್ಲಾಗುತ್ತದೆ.

ನೈಋತ್ಯದ ಗಾಳಿ-ಮಳೆ ಎಂದು ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಬಂದೆವು. ಹೀಗೆ ಬಂದರೆ ಪ್ರತಿ ಶೀಟಿನ ಓವರ್‌ಲ್ಯಾಪಿನ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಸ್ಕ್ರೂ ಎಲ್ಲ ಉಬ್ಬಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಿ ಒಂದೂ ಇಲ್ಲ. ಸೂರು, ನೆತ್ತಿ, ಎರಡು ಕೊನೆಗಳಲ್ಲಿ ಪ್ರತಿ ಉಬ್ಬಿಗೆ, ನಡುವೆ ಒಂದು ಬಿಟ್ಟು ಒಂದಕ್ಕೆ. ವಾಷರ್ ತುಸು ಉಬ್ಬುವಷ್ಟು ಬಿಗಿದರೆ ಸಾಕು. ಹಿಂಡಿದರೆ ಬಿಸಿಲಿಗೆ ಬೇಗ ಸೀಳುತ್ತದೆ.

ಕತ್ತರಿಸಲು ಗ್ರೈಂಡರ್ ಮುಟ್ಟಗೊಡಲಿಲ್ಲ. ಅದರ ಕಿಡಿ ಬಣ್ಣವನ್ನು ಸುಟ್ಟು ಅಲ್ಲೇ ತುಕ್ಕು ಹಿಡಿಸುತ್ತದೆ. ಸ್ಕ್ರೂ ಕೊರೆದ ಕಬ್ಬಿಣದ ಪುಡಿಯನ್ನೂ ಅದೇ ಸಂಜೆ ಗುಡಿಸಿಸಿದೆ. ದನದ ಗಂಜಳದ ಆವಿಯೂ ಶೀಟಿನ ಒಳಮೈಯನ್ನು ತಿನ್ನುತ್ತದೆಂದು ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ದಿನ ದ್ರಾವಣ ಶೀಟಿನ ಮೇಲೆ ಸಿಡಿದರೆ ಒಣಗುವ ಮೊದಲೇ ನೀರು ಹಾಯಿಸುತ್ತೇವೆ; ಮೈಲುತುತ್ತದ ತಾಮ್ರ ಸತುವಿನ ಲೇಪಕ್ಕೆ ಆಗಿಬರುವುದಿಲ್ಲ.