ಮಿದುಳು ಜ್ವರ: ಒಳಗೆ ಏನಾಗುತ್ತದೆ, ಹೊರಗೆ ನಾವೇನು ಮಾಡಬೇಕು

ಜ್ವರ ಬಂದವರು ಅಡ್ಡಾದಿಡ್ಡಿ ಮಾತಾಡಲು ಶುರು ಮಾಡಿದರೆ, ಮನೆಯವರ ಗುರುತು ಸಿಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ವೈರಸ್ ಮಿದುಳಿಗೆ ಹೊಕ್ಕಿರಬಹುದು, ಇದೇ ಮಿದುಳು ಜ್ವರ. 108ಕ್ಕೆ ಫೋನ್ ಮಾಡಿ. ಐಸಿಯು, ಸ್ಕ್ಯಾನ್ ಎರಡೂ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಫಿಟ್ಸ್ ಬರುತ್ತಿರುವಾಗ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಉಪಯೋಗವಿಲ್ಲ, ಅದರ ಬದಲು ಗಡಿಯಾರ ನೋಡಿ ಎಷ್ಟು ನಿಮಿಷ ಬಂತು ಅಂತ ನೆನಪಿಟ್ಟುಕೊಳ್ಳಿ, ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.

ಇಷ್ಟು ಅವಸರ ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ನಡೆಯುವುದು ಸ್ವಲ್ಪ ತಿಳಿದಿರಬೇಕು. ಮಿದುಳಿನ ರಕ್ತನಾಳಗಳು ಮೈಯ ಬೇರೆ ರಕ್ತನಾಳಗಳ ಹಾಗಲ್ಲ. ಗೋಡೆಯ ಕೋಶಗಳು ಒಂದಕ್ಕೊಂದು ಹೊಲಿದ ಹಾಗೆ ಬಿಗಿಯಾಗಿ ಕೂತಿರುತ್ತವೆ, ಅವುಗಳ ಹಿಂದೆ ಕೊಲಾಜೆನ್‌ನ ತೆಳುವಾದ ಹಾಸು. ವೈರಸ್ ಬಂದಾಗ ಮಿದುಳಿನ ಕಾವಲು ಕೋಶಗಳು ಟಿಎನ್‌ಎಫ್, ಐಎಲ್-1, ಐಎಲ್-6 ಅನ್ನುವ ರಾಸಾಯನಿಕಗಳನ್ನು ಬಿಡುತ್ತವೆ. ಇದೇ ಉರಿಯೂತ. ಈ ಸಂದೇಶ ಸಿಕ್ಕ ಕೋಶಗಳು ಎಂಎಂಪಿ ಅನ್ನುವ ಕಿಣ್ವಗಳನ್ನು ಜಾಸ್ತಿ ಮಾಡುತ್ತವೆ, ಅದರಲ್ಲೂ ಎಂಎಂಪಿ-9.

ಎಂಎಂಪಿ ಅಂದರೆ ಮ್ಯಾಟ್ರಿಕ್ಸ್ ಮೆಟಲೊಪ್ರೋಟಿನೇಸ್. ಸತು ಇಲ್ಲದೆ ಕೆಲಸ ಮಾಡದ ಕಿಣ್ವಗಳು. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲ್ಯಾಪಿಯೇರ್, ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಎಲ್ಲಿ ಹೋಗುತ್ತದೆ ಅಂತ ಹುಡುಕುತ್ತಾ ಈ ಬಗೆಯ ಕಿಣ್ವವನ್ನು ಮೊದಲು ಕಂಡರು. ಹಳೆಯ ಕಟ್ಟಡ ಕೆಡವಿ ಹೊಸದಕ್ಕೆ ಜಾಗ ಮಾಡುವುದು ಇವುಗಳ ಕೆಲಸ, ನಮ್ಮ ಗಾಯ ಮಾಯುವುದಕ್ಕೂ ಬೇಕು. ಇವುಗಳನ್ನು ಹದ್ದುಬಸ್ತಿನಲ್ಲಿಡಲು ಟಿಂಪ್ ಅನ್ನುವ ಪ್ರೋಟೀನುಗಳಿವೆ. ಉರಿಯೂತ ಜೋರಾದಾಗ ಈ ಲೆಕ್ಕ ತಪ್ಪುತ್ತದೆ. ಎಂಎಂಪಿ-9 ಕೊಲಾಜೆನ್ ಹಾಸನ್ನೂ ಆ ಬಿಗಿ ಹೊಲಿಗೆಯನ್ನೂ ಕತ್ತರಿಸುತ್ತದೆ. ನೀರು, ಪ್ರೋಟೀನು ಒಳಗೆ ಸೋರುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಅವುಗಳಲ್ಲಿ ನ್ಯೂಟ್ರೋಫಿಲ್‌ಗಳಂತೂ ಎಂಎಂಪಿ-9 ಅನ್ನು ಚೀಲ ಕಟ್ಟಿಕೊಂಡೇ ಬರುತ್ತವೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ಮಿದುಳು ಊದುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ವೈರಸ್ ಕಡಿಮೆಯಾದರೂ ಊತ ಮುಂದುವರಿಯುವುದು ಹೀಗೆ. ಮಿದುಳು ಜ್ವರ ತರುವ ವೆಸ್ಟ್ ನೈಲ್ ವೈರಸ್ ಬಗ್ಗೆ 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಂಎಂಪಿ-9 ಇಲ್ಲದ ಇಲಿಗಳ ಮಿದುಳಿಗೆ ವೈರಸ್ ಕಡಿಮೆ ಹೋಯಿತು, ಬದುಕಿದವೂ ಜಾಸ್ತಿ.

ಈಗ ಆಸ್ಪತ್ರೆ. ಬೆನ್ನಿನಿಂದ ನೀರು (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆಯಬೇಕು ಅಂದಾಗ ಮನೆಯವರು ಹೆದರುತ್ತಾರೆ. ದಯವಿಟ್ಟು ಒಪ್ಪಿಕೊಳ್ಳಿ. ಊತ ತುಂಬಾ ಇದೆ ಅನ್ನಿಸಿದರೆ ಡಾಕ್ಟರೇ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಯಾವ ವೈರಸ್ ಅಂತ ಗೊತ್ತಾಗುವ ಒಳ್ಳೆಯ ದಾರಿ ಆ ನೀರಿನ ಪರೀಕ್ಷೆಯೇ: ಹರ್ಪಿಸ್ ವೈರಸ್‌ಗೆ ಪಿಸಿಆರ್ (ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆ), ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಅನ್ನುವ ಮಿದುಳು ಜ್ವರಕ್ಕೆ ಐಜಿಎಂ (ವೈರಸ್ ವಿರುದ್ಧ ಮೈ ಮಾಡುವ ಪ್ರತಿಕಾಯ ಹುಡುಕುವ ಪರೀಕ್ಷೆ). ರಿಪೋರ್ಟ್ ಬಂದಾಗ ಪ್ರೋಟೀನ್ ಸಾಲು ನೋಡಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 15ರಿಂದ 45 ಮಿಲಿಗ್ರಾಂ ಇರುತ್ತದೆ. ಅದಕ್ಕಿಂತ ಮೇಲಿದ್ದರೆ, ಮೇಲೆ ಹೇಳಿದ ಸೋರಿಕೆ ಅದಕ್ಕೊಂದು ಕಾರಣ.

ಕೇಳಲೇಬೇಕಾದ ಪ್ರಶ್ನೆ ಒಂದಿದೆ. "ಅಸೈಕ್ಲೋವಿರ್ ಶುರು ಮಾಡಿದ್ದೀರಾ?" ಹರ್ಪಿಸ್ ಮಿದುಳು ಜ್ವರಕ್ಕೆ ಚಿಕಿತ್ಸೆ ಸಿಗದಿದ್ದರೆ 100ರಲ್ಲಿ ಸುಮಾರು 70 ಜನ ಸಾಯುತ್ತಾರೆ, ಹಾಗಾಗಿ ರಿಪೋರ್ಟ್‌ಗೆ ಕಾಯದೆ ಈ ಔಷಧಿ ಕೊಡುತ್ತಾರೆ. ಜಪಾನೀಸ್ ಎನ್ಸೆಫಲೈಟಿಸ್‌ಗೆ ಅಂಥ ಔಷಧಿ ಇಲ್ಲ. ಊತ ಇಳಿಸುವುದು, ಫಿಟ್ಸ್ ತಡೆಯುವುದು, ಉಸಿರು ನೋಡಿಕೊಳ್ಳುವುದೇ ಅಲ್ಲಿ ಚಿಕಿತ್ಸೆ. ಹಾಸಿಗೆಯ ತಲೆಕಡೆ ಎತ್ತರ ಮಾಡಿರುತ್ತಾರೆ, ಅನುಕೂಲಕ್ಕೆ ಅಂತ ಇಳಿಸಬೇಡಿ, ತಲೆಯ ಒತ್ತಡ ಕಡಿಮೆ ಮಾಡಲು ಅದು.

ಉರಿಯೂತವೇ ಕಾರಣ ಆದ್ರೆ ಅದನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟುಬಿಡಿ ಅನ್ನಬಹುದು ಅಲ್ವಾ? 1992ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ 65 ಜಪಾನೀಸ್ ಎನ್ಸೆಫಲೈಟಿಸ್ ರೋಗಿಗಳ ಮೇಲೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಪರೀಕ್ಷಿಸಿ ನೋಡಿದರು, ಲಾಭ ಕಾಣಲಿಲ್ಲ. ಎಂಎಂಪಿಯನ್ನೂ ಉರಿಯೂತವನ್ನೂ ತಗ್ಗಿಸುವ ಮಿನೋಸೈಕ್ಲಿನ್ ಮಾತ್ರೆಯನ್ನು ಲಕ್ನೋದಲ್ಲಿ ಪರೀಕ್ಷಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಇಳಿಯಿತು ಅಂತ ಖಚಿತವಾಗಿ ಹೇಳಲಾಗಲಿಲ್ಲ. ಮಕ್ಕಳಾಟ ಅಲ್ಲ ಇದು, ಒಂದೇ ಸ್ವಿಚ್ ಆರಿಸಿದರೆ ಸರಿಹೋಗುವುದಿಲ್ಲ. ಮೈಯ ರೋಗನಿರೋಧಕ ವ್ಯವಸ್ಥೆ ಮಿದುಳಿನ ಮೇಲೇ ತಿರುಗಿಬಿದ್ದ ಕೆಲವು ಕಾಯಿಲೆಗಳಲ್ಲಿ ಸ್ಟೀರಾಯ್ಡ್ ಬೇಕಾಗುತ್ತದೆ, ಆ ನಿರ್ಧಾರ ನರರೋಗ ತಜ್ಞರದು. ಮೆಡಿಕಲ್ ಶಾಪ್‌ನಿಂದ ನೀವೇ ತಂದು ಕೊಡಬೇಡಿ.

ವಾರಗಳು ಕಳೆದ ಮೇಲೆ ಇದೇ ಎಂಎಂಪಿಗಳು ಹೊಸ ರಕ್ತನಾಳ, ಹೊಸ ನರದ ಎಳೆ ಬೆಳೆಯಲು ದಾರಿ ಬಿಡಿಸುತ್ತವೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ನಿಲ್ಲಿಸಬೇಡಿ. ನಿಧಾನ ಅನ್ನಿಸಿದರೂ ಮಾಡಿಸಿ.

ಜಪಾನೀಸ್ ಎನ್ಸೆಫಲೈಟಿಸ್‌ಗೆ ಲಸಿಕೆ ಇದೆ. ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ, ಮಂಡ್ಯ, ಕೋಲಾರ, ರಾಯಚೂರು, ಬಳ್ಳಾರಿ ಕಡೆ ಇದು ಹೊಸದಲ್ಲ. ಭಾರತದಲ್ಲಿ ತಯಾರಾದ ಜೆನ್ವ್ಯಾಕ್ ಲಸಿಕೆಯಲ್ಲಿ ಇರುವುದು 1980ರ ದಶಕದ ಆರಂಭದಲ್ಲಿ ಕೋಲಾರದಲ್ಲಿ ಸಿಕ್ಕ ವೈರಸ್ಸೇ. ಕಾಯಿಲೆ ಇರುವ ಜಿಲ್ಲೆಗಳ ಮಕ್ಕಳಿಗೆ ಸರ್ಕಾರಿ ಲಸಿಕೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಇವತ್ತೇ ತಾಯಿ ಕಾರ್ಡ್ ತೆಗೆದು ಎರಡೂ ಸಾಲು ತುಂಬಿದೆಯಾ ನೋಡಿ, ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.