ಲಾವಂಚ–ಶ್ರೀಗಂಧದ ಪರ್ಫ್ಯೂಮ್: ಮನೆಯಲ್ಲೇ 20 ಗ್ರಾಂ

ಗಂಡಸರ ಪರ್ಫ್ಯೂಮ್ ಎಂದರೆ ಮೂಗಿಗೆ ಹೊಡೆಯುವ ಘಾಟು ಎಂದುಕೊಂಡವರು ಒಮ್ಮೆ ಲಾವಂಚ ಹಚ್ಚಿ ನೋಡಬೇಕು. ಮಣ್ಣು, ಬೇರು, ತುಸು ಹೊಗೆ: ಒಂದೇ ಎಣ್ಣೆಯಲ್ಲಿ ಮೂರೂ ಸಿಗುತ್ತವೆ.

ಬೇಕಾದ ಸುಗಂಧ ಎಣ್ಣೆಗಳು: ಶ್ರೀಗಂಧ 0.8 ಗ್ರಾಂ, ಲಾವಂಚ 0.6, ದೇವದಾರು 0.4, ಲ್ಯಾವೆಂಡರ್ 0.2, ಏಲಕ್ಕಿ 0.1, ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣಿನ ಸಿಪ್ಪೆಯ ಎಣ್ಣೆ) 0.9. ಒಟ್ಟು 3 ಗ್ರಾಂ. ಹನಿ ಎಣಿಸಬೇಡಿ, ಲಾವಂಚದ ಹನಿ ದಪ್ಪ, ಬರ್ಗಮಾಟಿನದು ಸಣ್ಣದು, ಲೆಕ್ಕ ತಪ್ಪುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಲಾವಂಚ ಸುರಿಯದಷ್ಟು ಗಟ್ಟಿಯಾಗಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ.

ಬರ್ಗಮಾಟ್ ಕೊಳ್ಳುವಾಗ, ಬಿಸಿಲು ತಗುಲಿದರೆ ಚರ್ಮಕ್ಕೆ ತೊಂದರೆ ಕೊಡುವ ಬರ್ಗಾಪ್ಟೆನ್ ಎಂಬ ಅಂಶ ತೆಗೆದದ್ದನ್ನೇ ಕೇಳಿ. ಮಾಮೂಲಿ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು.

ಎಣ್ಣೆಗಳ ಮಿಶ್ರಣವನ್ನು ಗಾಜಿನ ಬಾಟಲಿಯಲ್ಲಿ ಒಂದು ವಾರ ಕತ್ತಲಲ್ಲಿಟ್ಟು, ಬಳಿಕ ಪರ್ಫ್ಯೂಮಿಗೆಂದೇ ಮಾರುವ 95 ಶೇಕಡದ ಎಥನಾಲ್ 17 ಗ್ರಾಂ ಸೇರಿಸಿ. ಹತ್ತಿರ ಬೆಂಕಿ, ಸ್ಟೌ ಇರಬಾರದು. ಸ್ಯಾನಿಟೈಸರಿನ ಸ್ಪಿರಿಟ್ ಬೇಡ: ಅದರ ವಾಸನೆಯೇ ಮೇಲುಗೈ ಸಾಧಿಸುತ್ತದೆ, ನೀರಿನಂಶಕ್ಕೆ ಎಣ್ಣೆ ಒಡೆದು ದ್ರವ ಮಬ್ಬಾಗುತ್ತದೆ. ಮತ್ತೆ ನಾಲ್ಕು ವಾರ ಬಿಡಿ. ಆಲ್ಕೋಹಾಲಿನ ಚುರುಕು ಇಳಿಯುತ್ತದೆ. ಗಸಿ ಕಂಡರೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ.

ಪರೀಕ್ಷೆಗೆ ದಪ್ಪ ಬಿಳಿ ಕಾಗದದ ಪಟ್ಟಿ ಅದ್ದಿ, 5 ನಿಮಿಷಕ್ಕೆ, ಒಂದು ಗಂಟೆಗೆ, ಆರು ಗಂಟೆಗೆ ಮೂಸಿ. ಮೊದಲು ಬರ್ಗಮಾಟ್ ಹಾರುತ್ತದೆ, ಕೊನೆಗೆ ಲಾವಂಚವೂ ಶ್ರೀಗಂಧವೂ ಉಳಿಯುತ್ತವೆ. ಶ್ರೀಗಂಧ ಮೂಗಿಗೆ ಸಿಗಲಿಲ್ಲವೆಂದು ತಕ್ಷಣ ಇನ್ನಷ್ಟು ಸುರಿಯಬೇಡಿ. ಅದರ ದೊಡ್ಡ ಅಣುಗಳು ಕೆಲವರ ಮೂಗಿಗೆ ಸರಿಯಾಗಿ ದಕ್ಕುವುದಿಲ್ಲ. ಬೇರೊಬ್ಬರಿಗೂ ಮೂಸಲು ಕೊಡಿ, ದುಬಾರಿ ಎಣ್ಣೆ ಉಳಿದೀತು.